ಮೈನಸ್

ಟ್ರ್ಯಾಕ್ಟರು, ಆಟೊ, ಗಂಜಿಗೆ ಬರೋ ಟಂಟಂ,
ಇಷ್ಟೇ ನನ್ನ ವಿದ್ಯಾ.
ದೋಣಿ ನೋಡಿದ್ದೆಲ್ಲ ದಂಡಿ ಮ್ಯಾಲೆ ನಿಂತು.
‘ಲಾಡ್ಲೇಸಾಬ, ಎಲ್ಲಿದ್ರೂ ವೈರು ವೈರೇ ಅಲ್ಲೇನು, ಬಾ’
ಅಂತ ಫೋನ್ ಮಾಡಿದ್ಳು ಸಾಬಮ್ಮ.
ಯಾದಗಿರಿ ಬಿಟ್ಟಾಗ ಟೆಸ್ಟ್ ಬಲ್ಬು ಕಿಸೇದಾಗ, ಪಕ್ಕಡು ಸೊಂಟಕ್ಕ.
ಭೀಮಾ ಹಿನ್ನೀರಾಗ ಅರ್ಧ ಮುಣುಗಿದ ಜಾಲಿಗಿಡಕ್ಕ
ಎಮ್ಮಿ ಕಟ್ಟಿದಂಗ ಕಟ್ಟಿದ್ರು ದೋಣಿ.

‘ಬತ್ತಿ ಒಮ್ಮೆ ಹತ್ತತದ, ಒಮ್ಮೆ ಇಲ್ಲ.
ಹತ್ತಿದ್ರೂ ಬೆಲ್ಲದ ಬಣ್ಣ.
ಮೊನ್ನಿ ನೀರೆತ್ತೋ ಪಂಪು ಹಚ್ಚಿದ್ರ ಹಾರ್ನು ಒದರ್ತು’
ಅಂದ್ಳು, ಬಲಿಯಿಂದ ಮೀನ ಬಿಡಿಸಕೋತ,
ನನ್ನ ಕಡಿ ನೋಡದ.

ಹಲಗಿ ಎತ್ತಿದೆ.
ಯಾ ಅಲ್ಲಾ, ಅದು ವೈರಲ್ಲ, ಒಣಹಾಕಿದ ಶಾವಿಗಿ.
ಕೆಂಪು ಹೊಂಟು ಹಳದಿಗೆ ಕೂಡಿ, ಹಳದಿ ಹೋಗಿ ಕರಿ ಆಗಿ,
ಕರಿ ಎಲ್ಲಿ ಮುಗೀತೋ ಹೊಳಿಗೇ ಗೊತ್ತು.
ಗಂಟು ಹದಿನೇಳು, ಎಣಿಸೀನಿ.
ಒಂದಕ್ಕ ಸೈಕಲ್ ಟ್ಯೂಬು, ಒಂದಕ್ಕ ದವಾಖಾನಿ ಪಟ್ಟಿ,
ಒಂದಕ್ಕ ಗುಟಕಾ ಚೀಟು ಸುತ್ತಿ ಬಲಿದಾರ ಬಿಗಿದಿದ್ರು.
ಆ ಗಂಟು ಮಾತ್ರ ಭಾಳ ಛಲೋ ಇತ್ತು,
ಬಿಚ್ಚಾಕ ಹಲ್ಲು ಹಚ್ಚಬೇಕಾತು.
ಫ್ಯೂಜಿನ ಜಾಗಾದಾಗ ಸಿಗರೇಟಿನ ಬೆಳ್ಳಿಕಾಗದ.
‘ಯಾರವ್ವಾ ಇದನ್ನ ಮಾಡಿದವರು?’
‘ಬೆಳಕು ಬೇಕಾದವರು.’

ಖಾಸೀಂ ಉಸ್ತಾದ ಹೇಳತಿದ್ದ:
ಎಲ್ಲಾರೂ ಪ್ಲಸ್ ಹುಡುಕ್ತಾರ, ನೀ ಮೈನಸ್ ಹಿಡಿ.
ಟ್ರ್ಯಾಕ್ಟರಿಗೆ ಅದರ ಚಿಂತಿಲ್ಲ, ಮೈಯೆಲ್ಲ ಕಬ್ಬಿಣ,
ಎಲ್ಲಿ ಮುಟ್ಟಿಸಿದ್ರೂ ಕರಂಟು ಮನಿ ಸೇರತದ.
ಕಟಿಗಿ ದೋಣಿಗೆ ಅಂಥ ಮೈ ಎಲ್ಲಿಂದ ಬರಬೇಕು?
ಇಲ್ಲಿ ಹೋದ ಒಂದೊಂದು ವೈರಿಗೂ
ತಿರುಗಿ ಬರಾಕ ಒಂದು ವೈರು ಬೇಕು.
ಬಿಸಲಾಗ ಬೆನ್ನು ಮಡಚಿಕೊಂಡು ಇದನ್ನ ಮತ್ತೊಮ್ಮೆ ಕಲತೆ,
ನಲವತ್ತಾರನೇ ವಯಸ್ಸಿಗೆ.

ಬ್ಯಾಟರಿ ಹಿಂದ ಸಿಕ್ತು.
ಬತ್ತಿ, ಪಂಪು, ಹಾರ್ನು ಮೂರೂ ಬಂದು ಕೂಡೋ ಒಂದೇ ಬೋಲ್ಟು,
ಅದರ ಮ್ಯಾಲೆ ಕಿಲುಬು, ಪಾಚಿಗಿಂತ ಹಸರು.
ಮನಿ ಬಾಗಲಾ ಮುಚ್ಚಿದ್ರ ಪಂಪಿನ ಕರಂಟು ಏನ್ ಮಾಡೀತು ಪಾಪ,
ಹಾರ್ನಿನ ಮನಿ ಹೊಕ್ಕಿತ್ತು.
ಪಾಲಿಶ್ ಕಾಗದ ಹಾಕಿ ತಿಕ್ಕಿದೆ.
ತಾಮ್ರ ತನ್ನ ಬಣ್ಣ ನೆನಪು ಮಾಡಿಕೊಳ್ತು.

ಆಮ್ಯಾಲೆ ಹೊಸ ವೈರು. ಹೋಗಾಕ ಕೆಂಪು, ಬರಾಕ ಕರಿ.
ಪೈಪಿನಾಗ ತೂರಿಸಿ, ಗೇಣಿಗೊಂದು ಕ್ಲಿಪ್ಪು ಬಡದು,
ನೀರು ಹನಿಯಾಗಿ ಇಳದು ಹೋಗ್ಲೆಂತ
ತುದಿಗೆ ಒಂದೀಟು ಜೋಲು ಬಿಟ್ಟೆ.
ಬೋಲ್ಟಿಗೆ ಗ್ರೀಸು.
ಹಳೇದೆಲ್ಲ ಕಿತ್ತು ಗುಂಪಿ ಹಾಕಿದ್ರ ಒಂದು ಬುಟ್ಟಿ ಆತು.

ಒಂದು ನೀಲಿ ವೈರು ಉಳೀತು.
ಬತ್ತಿಯಿಂದ ಹೊಂಟು, ಆಕಿ ಕೂಡೋ ಪಟ್ಟಿ ಕೆಳಗ
ಒಂದು ಸ್ವಿಚ್ಚಿಗೆ ಹೋಗಿತ್ತು, ಹೆಬ್ಬೆರಳು ತಾಗಿ ತಾಗಿ ಸವದದ್ದು.
‘ಇದು ಯಾತಕ್ಕ? ಕತ್ತರಸ್ಲಾ?’
ಮುಂಜಾನಿಯಿಂದ ಮೊದಲನೇ ಸಲ ಆಕಿ ಕೈ ನಿಂತ್ವು.
‘ಅದನ್ನ ಬಿಡು.’
‘ಬತ್ತಿ ಆರ್ತದಲ್ಲ ಇದರಿಂದ?’
‘ಗುತ್ತಿಗೆದಾರನ ಲಾಂಚು ಬಂದ್ರ ಆರಬೇಕು.’

ಮೀನಾ ಯಾರವು, ನೀರು ಯಾರದು,
ನಾ ಕೇಳಲಿಲ್ಲ. ನನ್ನ ವಿದ್ಯಾದಾಗ ಅದು ಬರಲ್ಲ.
ಆ ನೀಲಿಗೆ ಬೆಸುಗಿ ಹಾಕಿದೆ, ಎಲ್ಲಾದಕ್ಕಿಂತ ಗಟ್ಟಿ.
ಬತ್ತಿ, ಪಂಪು, ಹಾರ್ನು ಅಂತ ಚೀಟಿ ಅಂಟಿಸಿದೆ.
ಅದಕ್ಕ ಮಾತ್ರ ಚೀಟಿಲ್ಲ.

ನಾಕನೂರು ರೂಪಾಯಿ, ಎರಡು ಮೀನ. ಹೊತ್ತು ಮುಣುಗಿತ್ತು.
ದೋಣಿ ಹೊಂಟಿತು, ಬತ್ತಿ ಜ್ವಾಳದ ತೆನಿಹಂಗ ಬೆಳ್ಳಗ,
ನೀರಾಗ ಇನ್ನೊಂದು ಅಂಥದ್ದೇ.
ಗಾಡಿ ಕಿಕ್ ಹೊಡಿಯಾಕ ಕಾಲೆತ್ತಿದೆ,
ನಡುಹೊಳ್ಯಾಗ ಬತ್ತಿ ಆರಿತು.

ಕಾಲು ಹಂಗೇ ಎತ್ತಿಕೊಂಡು ಕಿವಿಗೊಟ್ಟೆ.
ಲಾಂಚಿನ ಸಪ್ಪಳ ಕೇಳ್ಲಿ ಮಾಲೀಕ,
ಇಲ್ಲಂದ್ರ ಬಿಚ್ಚಿದ್ದು ನನ್ನ ಗಂಟು.