ಒಮ್ಮೆಯಾದರೂ

ವಿರಾಜಪೇಟೆ, ತೆಲುಗರ ಬೀದಿಯ ತಿರುವಿನಲ್ಲಿ
ಅಪ್ಪ ಬಿಟ್ಟುಹೋದ ಅಂಗಡಿ ನನ್ನದು.
ಹೊರಗೆ ಬೋರ್ಡಿಲ್ಲ. ಒಳಗೆ ಒಂದು ವೈಸು, ಹದಿನೇಳು ಅರ,
ಸೀಮೆಎಣ್ಣೆಯಲ್ಲಿ ನೆನೆಯುವ ತಿರುಪುಮೊಳೆಗಳು.
ಐರಿಗಳ ಹೆಣ್ಣು ಕೋವಿ ರಿಪೇರಿಗೆ ಕೂತಳೆಂದು
ಮೊದಲ ವರ್ಷ ನೋಡಲು ಬಂದರು.
ಎರಡನೆಯ ವರ್ಷ ಕೋವಿ ತಂದರು.

ಮೇದಪ್ಪಣ್ಣ ಮಾತ್ರ ಏನೂ ತರದೆ ಬರುತ್ತಿದ್ದ.
ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತೊಂದು ವರ್ಷ ಟೈಂಕೀಪರು,
ಗೋಣಿಕೊಪ್ಪದ ಬಸ್ಸು ಹಾರ್ನ್ ಮಾಡಿದರೆ
ಈಗಲೂ ಮಾತು ನಿಲ್ಲಿಸಿ ಮಣಿಕಟ್ಟು ನೋಡುವವ.
ಜೇಬಿನಲ್ಲಿ ಹಳೆಯ ಟ್ರಿಪ್ ಶೀಟು, ಅದರ ಬೆನ್ನಿಗೆ ಪಟ್ಟಿ:
ವೆಬ್ಲಿ. ಲೂಗರ್.
ಪೊರಕೆ ಹಿಡಿಯ ಮೌಸರ್.
ಕೋಲ್ಟ್, ನಲವತ್ತೈದು.
ಕೆಳಗೆ ಗೆರೆ ಎಳೆದು, ಒಮ್ಮೆಯಾದರೂ.

ಮನೆಯಲ್ಲಿದ್ದದ್ದು ಒಂಟಿನಳಿಗೆಯ ತೋಕ್,
ಹಂದಿ ಬೆದರಿಸಲು,
ಹುಟ್ಟಿಗೊಂದು ಸಾವಿಗೆರಡು ಊರಿಗೆ ಹೇಳಲು.
‘ಅದು ಮನೆಯದು ಕೂಸೇ,’ ಎನ್ನುತ್ತಿದ್ದ. ‘ಕೈಯದು ಬೇರೆ.’

ರಿಪೇರಿಗೆ ಬಂದದ್ದನ್ನು ಕೊಡುತ್ತಿದ್ದೆ,
ಒಂದು ಲೋಟ ಕಾಫಿ ಆರುವವರೆಗೆ.
ಲೂಗರಿನ ಕೀಲು ಎಳೆದ, ಬಿಟ್ಟ, ಎಳೆದ, ಬಿಟ್ಟ;
‘ಮೊಣಕಾಲೂರಿ ಎದ್ದ ಹಾಗೆ, ನೋಡು.’
ಕೋಲ್ಟ್ ಬಂತು ಯಾವುದೋ ಎಸ್ಟೇಟಿನದು,
ಅವನ ಅಂಗೈಗೆ ದೊಡ್ಡದಾಯಿತು.
ನಾನು ನಕ್ಕೆ. ಅವನು ನಗಲಿಲ್ಲ.
ಮೌಸರ್ ಎಂದೂ ಬರಲಿಲ್ಲ.

ವೆಬ್ಲಿ ಬಂದದ್ದು ಕಕ್ಕಡದ ಕೊನೆಗೆ,
ಬೋಜಮ್ಮನ ಚೀಲದಲ್ಲಿ, ಟವೆಲು ಸುತ್ತಿಕೊಂಡು.
ಗಂಡನ ಅಜ್ಜ ಬರ್ಮಾದಿಂದ ತಂದದ್ದು.
ಹಿಡಿಯ ಬುಡದಲ್ಲಿ ದಾರದ ಬಳೆ,
ಅದಕ್ಕೆ ಕಟ್ಟಿದ ಠಾಣೆಯ ಚೀಟಿ ಇನ್ನೂ ಹಾಗೇ.
ಕೊಂಡಿ ಒತ್ತಿದೆ; ಕತ್ತು ಬಾಗಿತು.
ಆರು ಮನೆ. ಐದು ತಣ್ಣಗೆ ಹೊಳೆದವು.
ಒಂದರೊಳಗೆ ಮಸಿ.
ಆ ಒಂದನ್ನು ನಾನು ಕೇಳಲಿಲ್ಲ.

‘ಬಾಯಿ ಮುಚ್ಚಿಸು,’ ಎಂದಳು.
‘ಒಪ್ಪಿಸಿದರೆ ಕರಗಿಸುತ್ತಾರಂತೆ.
ಹೀಗೇ ಇಟ್ಟರೆ ನಿದ್ದೆ ಬರುವುದಿಲ್ಲ.’
ಪತ್ರ ತಂದಿದ್ದಳು. ಸೀಲು ಇತ್ತು.

ಮಧ್ಯಾಹ್ನ ಮೇದಪ್ಪಣ್ಣ ಬಂದ. ವೈಸಿನಲ್ಲಿ ಅದನ್ನು ಕಂಡು
ಟೊಪ್ಪಿ ತೆಗೆದ, ಯಾಕೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ.
ಕೈಗೆ ಕೊಟ್ಟೆ.
ಗುರಿ ಹಿಡಿಯಲಿಲ್ಲ, ನೆಲಕ್ಕೆ ಮೂತಿ ಮಾಡಿ ಸುಮ್ಮನೆ ನಿಂತ,
ಯಾರದೋ ಮಗುವನ್ನು ಎತ್ತಿಕೊಂಡ ಗಂಡಸಿನ ಹಾಗೆ.
ಕಾಫಿ ಆರಿ ಕೆನೆ ಕಟ್ಟಿತು.
‘ಈಗ ಮಾಡು,’ ಎಂದು ಹೊರಗೆ ಹೋದ.

ನಳಿಗೆಯೊಳಗೆ ಏಳು ಗೀರು
ಸುತ್ತಿ ಸುತ್ತಿ ಬೆಳಕಿನತ್ತ ಹೋಗುತ್ತಿದ್ದವು.
ಇಷ್ಟು ಚಂದ ಕೊರೆದವನ ಕೈ ಯಾವುದೋ.
ಉಕ್ಕಿನ ಸರಳು ತೂರಿಸಿದೆ, ಬೆಸೆದೆ, ಅರದಿಂದ ಉಜ್ಜಿದೆ.
ಅಪ್ಪ ಇದ್ದಿದ್ದರೆ ಬೈಯುತ್ತಿದ್ದ.
ಅಥವಾ ಉಜ್ಜಿದ್ದು ಸಾಲದು ಎನ್ನುತ್ತಿದ್ದ.

ಬೋಜಮ್ಮ ತಗೊಂಡು ಹೋಗಲಿಲ್ಲ. ಬಾಗಿಲಲ್ಲೇ ನಿಂತು,
‘ಬಸ್ಸಿನ ಮೇದಪ್ಪಣ್ಣನಿಗೆ ಕೊಡು.
ಮಗಳ ಹೆರಿಗೆಯ ರಾತ್ರಿ
ಕೊನೆಯ ಬಸ್ಸು ನಿಲ್ಲಿಸಿ ನಮಗಾಗಿ ಕಾದವ.’

ಕೈಲ್‌ಪೊಳ್ದಿನ ದಿನ ಅವನ ಮನೆಗೆ ಹೋಗಿದ್ದೆ.
ಚಾಪೆಯ ಮೇಲೆ ತೋಕ್, ಒಡಿಕತ್ತಿ, ಕೊನೆಯಲ್ಲಿ ವೆಬ್ಲಿ.
ತೋಕಿನ ಬಾಯಿಗೆ ತೋಕ್‌ಪೂ ಇಟ್ಟ,
ಕೆಂಪು ಹಳದಿ ಉರಿ ನೆಟ್ಟಗೆ ನಿಂತಿತು.
ವೆಬ್ಲಿಗೂ ಇಡಲು ಹೋದ.
ತೊಟ್ಟು ಉಗುರಿನಷ್ಟು ಇಳಿದು ನಿಂತಿತು. ಹೂ ಬಿತ್ತು.
ಮತ್ತೆ ಇಟ್ಟ. ಮತ್ತೆ ಬಿತ್ತು.
ಹೆಂಡತಿ ಒಳಗಿಂದ ಕರೆದಳು, ಕಡಂಬುಟ್ಟು ಆರುತ್ತಿದೆ ಎಂದು.
ಅವನು ಹೂವನ್ನು ಹಿಡಿಯ ಬುಡದ ಬಳೆಗೆ ಸಿಕ್ಕಿಸಿ
ಕೈ ಒರೆಸಿಕೊಂಡ.

‘ಇದಕ್ಕೆ ಎಣ್ಣೆ ಬೇಕಾ?’
‘ಬೇಡ ಮೇದಪ್ಪಣ್ಣ. ಇನ್ನು ಕೆಲಸವಿಲ್ಲ ಅದಕ್ಕೆ.’

ಆದರೂ ತಿಂಗಳಿಗೊಮ್ಮೆ ಬರುತ್ತಾನೆ,
ಹೋಮಿಯೋಪತಿಯ ಪುಟ್ಟ ಶೀಶೆ ಹಿಡಿದು.
ನಾನು ತುಂಬಿಸಿ ಕೊಡುತ್ತೇನೆ. ದುಡ್ಡು ಕೊಡುತ್ತಾನೆ,
ಸರಿಯಾಗಿ, ಚಿಲ್ಲರೆ ಸಮೇತ.
ಪಟ್ಟಿಯಲ್ಲಿ ವೆಬ್ಲಿಯ ಎದುರು ಗುರುತು ಹಾಕಿದನೋ,
ಹೆಸರನ್ನೇ ಹೊಡೆದು ಹಾಕಿದನೋ,
ಆ ಟ್ರಿಪ್ ಶೀಟನ್ನು ಅವನು ಆಮೇಲೆ ತೆಗೆದಿಲ್ಲ.