ಹಸುತನ

ಹೆರಿಫರ್ಡಿನ ಇಗರ್ಜಿಯ ಮೇಲುಕೋಣೆಯಲ್ಲಿ
ಪುಸ್ತಕಗಳಿಗೆ ಸರಪಳಿ.
ಬೆನ್ನು ಗೋಡೆಗೆ, ಹಾಳೆಯ ಅಂಚು ನಮ್ಮ ಕಡೆಗೆ.
ನನ್ನ ಪಾಲಿಗೆ ಧೂಳು. ಆಡಿನ ಕೂದಲಿನ ಬ್ರಷ್ಷು,
ಗಂಟೆಗಿಷ್ಟು ಕೂಲಿ.

ಕೊಂಡಿ ಕಳಚಿ ವಿನಿಫ್ರೆಡ್ ಪ್ರಾಸರ್ ಒಂದನ್ನು
ಎಳೆಗೂಸಿನ ಹಾಗೆ ದಿಂಬಿಗೆ ಇಳಿಸಿದಳು.
ಎಪ್ಪತ್ತೊಂದು ಅವಳಿಗೆ. ಲ್ಯಾಟಿನ್ನನ್ನು
ಮಗ್ಗಿಯ ಹಾಗೆ ಒಪ್ಪಿಸುತ್ತಾಳೆ.

"ಒಂಬೈನೂರು ವರ್ಷದ ಜಗಳ ಇದು," ಅಂದಳು.
"ಈ ಹಸು ಇದೆ, ಆ ಹಸು ಇದೆ, ಸರಿ.
ಹಸುತನ ಅನ್ನುವುದು ಇದೆಯೋ?
ಇದ್ದರೆ ಎಲ್ಲಿ ಮೇಯುತ್ತದೆ?"

ಇದೆ ಅಂದನಂತೆ ಒಬ್ಬ ಗುರು,
ಹಸುಗಳೆಲ್ಲ ಹುಟ್ಟುವ ಮುಂಚೆ, ಹಸುಗಳೆಲ್ಲ ಸತ್ತ ಮೇಲೂ.
ಇನ್ನೊಬ್ಬ ನಕ್ಕನಂತೆ: ಅದು ಬರೀ ಬಾಯಿಗಾಳಿ.
ಮಠಕ್ಕೆ ಮಠವೇ ಎರಡಾಯಿತು.
ಒಬ್ಬನ ಅನ್ನ ಹೋಯಿತು,
ಒಬ್ಬ ರಾತ್ರೋರಾತ್ರಿ ಕಡಲು ದಾಟಿದ,
ಗಾಳಿಗಾಗಿ.

ನನಗೆ ನಗು. ನಮ್ಮಲ್ಲೂ ಇದೇ ವ್ಯಾಜ್ಯ, ಗೋತ್ವ ಅಂತ.
ತರ್ಕ ಓದಿದ ದೊಡ್ಡಪ್ಪ ಊಟದ ಎಲೆ ಮರೆತು ಹೇಳುತ್ತಿದ್ದ:
ಗಂಗೆದೊಗಲು ಇದ್ದರೆ ಗೋವು, ಕೊಂಬಿದ್ದರೆ ಸಾಲದು.
ಎರಡು ಕಡಲಾಚೆಯ ಪಂಡಿತರಿಗೂ
ಇದೊಂದೇ ಪ್ರಾಣಿ ಸಿಕ್ಕಿತೇ?
"ಇಬ್ಬರೂ ಹಾಲು ಕುಡಿದವರು," ಅಂದಳು ವಿನಿಫ್ರೆಡ್.

ಹಾಳೆ ಮಗುಚಿದಳು. ನಟ್ಟನಡುವೆ ತೂತು,
ಉದ್ದಿನಕಾಳಿನಷ್ಟು.
ಗೆದ್ದಲಿನದಲ್ಲ. ಕರು ಬದುಕಿದ್ದಾಗ
ನೊಣ ಕಚ್ಚಿದ ಗಾಯ. ತೊಗಲನ್ನು ಚೌಕಟ್ಟಿಗೆ ಬಿಗಿದಾಗ
ಬಾಯಿ ಬಿಟ್ಟಿದೆ.
ಬರೆಯುವವನು ಅಲ್ಲಿ ತಡೆದು ನಿಂತಿದ್ದಾನೆ.
ಹಸು ಎಂಬ ಮಾತನ್ನು
ಈಚೆ ಅರ್ಧ, ಆಚೆ ಅರ್ಧ ಇಟ್ಟು
ವಾದ ಮುಂದುವರಿಸಿದ್ದಾನೆ.

ಬೆಳಕಿಗೆ ಹಿಡಿದರೆ ರೋಮದ ಕುಳಿಗಳು,
ಬೆನ್ನುಹುರಿಯ ಮಸುಕು ಗೆರೆ.
ಎಲ್ಲ ಕರು ಅಲ್ಲ, ಒಂದು ಕರು.
ಬಾಲ ಬೀಸಿ ಬೀಸಿ ಸೋತು
ಸುಮ್ಮನೆ ಕಚ್ಚಿಸಿಕೊಂಡ ಒಂದು ಮಧ್ಯಾಹ್ನ.

ನಾನು ಬ್ರಷ್ಷು ಆಡಿಸಲಿಲ್ಲ ಆ ಪುಟಕ್ಕೆ.

ನವೆಂಬರಿನ ಸಂಜೆ, ವೈ ನದಿಯ ಬದಿಯ ಬೇಲಿ.
ಬಿಳಿಮುಖದ ಕೆಂಪು ಹಸುಗಳು;
ಊರಿನ ಹೆಸರೇ ತಳಿಗೂ.
ಒಂದೇ ಅಚ್ಚಿನಲ್ಲಿ ಎರೆದ ಹಾಗೆ ಎಲ್ಲ,
ಕಿವಿಗೆ ಹಳದಿ ಓಲೆ, ಓಲೆಯ ಮೇಲೆ ಅಂಕಿ.
ಅದರಲ್ಲಿ ಒಂದು, ಎಡಗೊಂಬು ಮುರಿದದ್ದು,
ತಂತಿಯವರೆಗೆ ನಡೆದು ಬಂದು
ನನ್ನ ಚೀಲ ಮೂಸಿತು.

"ಹಸು" ಅಂದೆ, ಕನ್ನಡದಲ್ಲಿ.
ಬಾಯಿಗಾಳಿ ಚಳಿಗೆ ಬೆಳ್ಳಗೆ
ಕಂಡಿತು ಒಂದು ಗಳಿಗೆ.
ಅದರದ್ದೂ.