ರಫು

ತುಳಶಿಬಾಗಿನ ಹಿಂದಿನ ಬೋಳದಾಗ
ಎರಡು ಮೆಟ್ಟಿಲ ಮ್ಯಾಲ ನನ್ನ ಮಷಿನ್ನು.
ಫಾಲು, ಪಿಕೊ, ರಫು. ಬೋರ್ಡು ಮರಾಠಿ,
ಬೈಗುಳ ಮಾತ್ರ ಇಂಡಿ ತಾಲೂಕಿಂದು.

ಚಿಲಕಕ್ಕ ಸಿಕ್ಕ ಅರಿವಿ ಮೂಲಿಯಂಗ ಹರಿತದ,
ನಾಯಿ ಕಿವಿಯಂಗ ಒಂದು ತುಂಡು ಜೋತು ಬೀಳತದ.
ಗಾಡಿ ಚೈನಿಗೆ ಸಿಕ್ಕದ್ದು ಜಗದಂಗ, ಎಣ್ಣಿ ಕಪ್ಪು.
ಕೈ ಹಾಕಿ ಹರಿದದ್ದು
ಹೆಗಲಿಂದ ಕೆಳಗ, ನೆಟ್ಟಗ.

"ಚಿಲಕಕ್ಕ ಸಿಕ್ಕಿತ್ತು" ಅಂತಾರ ಎಲ್ಲಾರೂ.
"ಹೌದವ್ವಾ" ಅಂತೀನಿ.
ಸೆರಗಿನ ತುದಿಯಿಂದ ಅದೇ ಬಣ್ಣದ ಎಳಿ ಕಿತ್ತು
ಕಾಣದಂಗ ಮುಚ್ಚಿ, ಮೂವತ್ತು ರೂಪಾಯಿ.
ಕಾಣಲಿಲ್ಲಂದ್ರ ಛಲೋ ಕೆಲಸ.
ಇಪ್ಪತ್ತೊಂದು ವರ್ಷ ಛಲೋ ಕೆಲಸ ಮಾಡೀನಿ.

ಶರ್ವರಿ ಪಾನಸೆ ಅನ್ನಾಕಿ ಗಂಟು ಹೊತ್ತು ಬಂದಳು.
ನಲವತ್ತೆರಡು ಸೀರಿ, ಮನಿಮನಿ ತಿರುಗಿ ತಂದದ್ದು.
"ಮಾವಶಿ, ಮುಚ್ಚಬ್ಯಾಡ್ರಿ. ಕೆಂಪು ದಾರ ತಗೊಂಡು
ಹರಿದ ಅಂಚಿಗೆ ಕಾಜಾ ಹಾಕ್ರಿ. ಬಾಯಿ ತೆರದಿರಲಿ."
ತಲಿ ಕೆಟ್ಟದ ಹುಡಿಗೀದು, ಅಂದ್ಕೊಂಡೆ.
ಮುಂಗಡ ಕೊಟ್ಟಿದ್ದಳು. ಹಾಕಿದೆ.

ಶನಿವಾರ ಸಂಜಿ ಝೆಡ್ ಬ್ರಿಜ್ ಮ್ಯಾಲ
ಸ್ಕೂಟಿಗೆ ಒರಗಿದ ಜೋಡಿಗಳ ನಡುವ
ಹಾಲಿನ ಕ್ರೇಟು ಬೋರಲು ಹಾಕಿ ನಿಂತಾಳ,
ನಲವತ್ತೆರಡೂ ಒಂದರ ಮ್ಯಾಲೊಂದು ಹೊದ್ದು, ಕಣಜದಂಗ.
ಮಾತಿಲ್ಲ. ಒಂದೊಂದ ಬಿಚ್ಚತಾಳ,
ಕಟಾಂಜನಕ್ಕ ಕಟ್ಟತಾಳ.
ಸೇಲ್ ಏನು, ಅಂದ ಒಬ್ಬ. ಇನ್ನೊಬ್ಬ ಸಿಳ್ಳಿ ಹೊಡದ.
ಹವಾಲ್ದಾರ ಪರ್ಮಿಟ್ ಕೇಳಿದ,
ಒಂದು ತೂತಿನ್ಯಾಗಿಂದ ಆಕಿ ಅವನ್ನ ನೋಡಿದಳು.
ಅಂವ ಟೊಪಗಿ ತಗದು, ಮತ್ತ ಹಾಕ್ಕೊಂಡ.

ಮುಠಾ ನದಿ ನಾರತಿತ್ತು, ದಿನದಂಗ.
ಹೊತ್ತು ಮುಳುಗೂ ಬೆಳಕು ಸೀರಿಗಳ ಹಿಂದ ಬಂತು.
ನವಿಲುಬಣ್ಣದ ಒಂದರಾಗ
ಕೆಂಪು ಕಾಜಾದ ಮಗ್ಗಲಿಗೇ
ಗೇಣುದ್ದ ಒಂದು ಗೀಟು, ಉಳದದ್ದಕ್ಕಿಂತ ಜರಾ ದಟ್ಟ.
ಟ್ಯೂಬಲೈಟಿನ್ಯಾಗ ಕಂಡಿರಲಿಲ್ಲ.
ನನ್ನ ಕೈ. ನನ್ನ ರಫು.
ಮದಲನೇ ಸಲದ್ದು.

ಯಾರ ಸೀರಿ? ಮುಖ ನೆನಪಾಗವಲ್ದು.
ಮೂವತ್ತರಾಗ ಐದು ಬಿಡ್ರಿ ಅಂದಿದ್ದಳೇನೊ.
ಬಿಟ್ಟಿದ್ದೆನೇನೊ.

ಸೋಮವಾರ ಒಬ್ಬಾಕಿ ಬಂದಳು, ಕೊಳ್ಳಾಗ ಹೊಸಾ ಕರಿಮಣಿ.
"ಚಿಲಕ" ಅಂದಳು, ನಾ ಕೇಳೂಕಿಂತ ಮದಲ.
ಅರಿವಿ ಬೆಳಕಿಗೆ ಹಿಡದೆ. ನೆಟ್ಟಗಿತ್ತು.
ಎರಡು ರೀಲು ಮಷಿನ್ ಮ್ಯಾಲಿಟ್ಟೆ,
ಸೀರಿ ಬಣ್ಣದ್ದೊಂದು, ಉಳದ ಕೆಂಪೊಂದು.
ಆಕಿ ಹಿಂದ ತಿರುಗಿ ಬೋಳದ ಬಾಯಿ ನೋಡಿದಳು,
ಅಲ್ಲಿ ಯಾರದೋ ಗಾಡಿ ಹಾರ್ನು ಹೊಡೀತಿತ್ತು.

ಅವಸರಿಲ್ಲ, ಅಂದೆ. ಕೂಡ್ರು.
ಸ್ಟೂಲಿನ ಮ್ಯಾಲಿನ ಚೂರು ಅರಿವಿ ಜಾಡಿಸಿದೆ.